ಯಾರೂ ಸೇರದ ಸಭೆಯ ವಂತಿಗೆ

ವಂತಿಗೆ ಕೇಳಲು ಹೋದವನಿಗೆ ಹಣ ಸಿಗದೆ ಇರಬಹುದು, ಕಥೆ ಸಿಗದೆ ಇರುವುದಿಲ್ಲ. ನಾನು ಎತ್ತಿದ ಹಣ ಆಗಲೇ ಖರ್ಚಾಗಿ ಹೋಯಿತು, ಕಥೆಗಳು ಉಳಿದಿವೆ. ನಗುವ ಕಥೆಗಳೇ. ಆದರೂ ಅವನ್ನು ಹೇಳಿ ಮುಗಿಸಿದಾಗ ನನ್ನ ಹೆಂಡತಿ ನಗುವುದಿಲ್ಲ; ಒಲೆ ನೋಡುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತಾಳೆ.

ಎಪ್ಪತ್ತರ ದಶಕದ ಕೊನೆ, ಎಂಬತ್ತರ ಆರಂಭ. ನಾನು ಬಂಟ್ವಾಳದ ಒಂದು ಬಸ್ಸು ಕಂಪನಿಯ ಆಫೀಸಿನಲ್ಲಿ ರೈಟರ್ ಆಗಿದ್ದೆ. ನಮ್ಮ ಬಸ್ಸುಗಳು ಬೆಳ್ತಂಗಡಿಗೂ ಮೂಡುಬಿದಿರೆಗೂ ಓಡುತ್ತಿದ್ದವು. ಅವುಗಳಲ್ಲಿ ನನಗೆ ಟಿಕೇಟು ಇರಲಿಲ್ಲ. ಈ ಒಂದು ಅನುಕೂಲದಿಂದಲೇ ವಂತಿಗೆಯ ಕೆಲಸ ನನ್ನ ಕೊರಳಿಗೆ ಬಿತ್ತು.

ಬೋರ್ಡಿಂಗ್ ಶಾಲೆಯಲ್ಲಿ ನನ್ನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವನು ಮುಂದೆ ನಮ್ಮ ಕ್ರೈಸ್ತ ಸಭೆಯಲ್ಲಿ ಉಪದೇಶಿಯಾದ. ಉಪದೇಶಿಯೆಂದರೆ ಸಭೆಯ ಪಾದ್ರಿ ಅಯ್ಯನವರಿಗಿಂತ ಕೆಳಗಿನವನು. ಹಳ್ಳಿಯಲ್ಲಿ ಉಳಿದು ಪ್ರಾರ್ಥನೆ ನಡೆಸಿ ಸುವಾರ್ತೆ ಹೇಳುವವನು. ಬೆಳ್ತಂಗಡಿ ಕಳೆದು, ಲಾಯಿಲ ದಾಟಿ, ಬಸ್ಸಿಳಿದು ಬಹಳ ದೂರ ನಡೆದರೆ ಘಟ್ಟದ ಬುಡದಲ್ಲಿ ಹೆಂಚು ಹೊದಿಸಿದ ಒಂದು ಪ್ರಾರ್ಥನಾ ಮನೆ, ಅದರ ಹಿಂದೆ ಒಂದು ಕೋಣೆ. ಅವನ ಹೆಂಡತಿ ಆ ಕೋಣೆಯಲ್ಲೇ ಜ್ವರ ಬಂದು ತೀರಿಕೊಂಡಳು. ಅಂಗಳದ ಅಂಚಿನಲ್ಲಿ ಅವಳ ಸಮಾಧಿ. ಮಕ್ಕಳಿರಲಿಲ್ಲ.

ಹೊರದೇಶದಿಂದ ಬರುತ್ತಿದ್ದ ಹಣ ನಿಂತಾಗ ಜಿಲ್ಲಾ ಸಭೆಯವರು ಹೇಳಿದರು: "ಅವನ ಸಂಬಳವನ್ನು ಇಲ್ಲಿನವರೇ ಹೊಂದಿಸುವುದಾದರೆ ಅಲ್ಲಿ ಇರಲಿ. ಇಲ್ಲದಿದ್ದರೆ ಮುಚ್ಚುವ."

ಅವನು ನನ್ನಲ್ಲಿ ಹೆಚ್ಚೇನೂ ಕೇಳಲಿಲ್ಲ. "ಅವಳನ್ನು ಒಬ್ಬಳನ್ನೇ ಬಿಟ್ಟು ಬರುವ ಹಾಗೆ ಮಾಡಬೇಡ ಮಾರಾಯ" ಎಂದ, ಅಷ್ಟೆ.

ಹೀಗೆ ನಾನು ಸ್ನೇಹಿತರಲ್ಲಿ ತಿಂಗಳ ವಂತಿಗೆ ಎತ್ತಲು ಹೊರಟೆ. ಮನೆಯಲ್ಲಿ ಇನ್ನೊಂದು ಸೌಟು ಸಾರು ಕೇಳಲು ನಾಚುವವನು ನಾನು.

೧. ಟಾರ್ಚು

ಮೊದಲು ಹೋದದ್ದು ಬಂಟ್ವಾಳ ಪೇಟೆಯ ಒಬ್ಬ ಬ್ಯಾರಿ ಮುಸ್ಲಿಂ ಸಾವುಕಾರರ ಅಂಗಡಿಗೆ. ಕೊಡೆ, ಟಾರ್ಚು, ಬೀಗ, ಸ್ಟವ್ವಿನ ಬತ್ತಿ ಮಾರುವ ಅಂಗಡಿ. ಮಧ್ಯಾಹ್ನದ ಬಸ್ಸು ಹೊರಟ ಮೇಲೆ ಅಲ್ಲಿನ ಬೆಂಚಿನಲ್ಲಿ ಕೂತು ನಾನು ಪೇಪರು ಓದುವುದು ವಾಡಿಕೆ. ಅವರೂ ಮಾತು ಕಡಿಮೆಯವರು. ಮಾತಿಲ್ಲದೆ ಕೂತು ಕೂತೇ ಬೆಳೆದ ಸ್ನೇಹ ನಮ್ಮದು.

ವಂತಿಗೆ ಕೇಳಬೇಕೆಂದು ಹೋದ ದಿನ ನಾನು ಕೂರಲಿಲ್ಲ, ನಿಂತೇ ಇದ್ದೆ. ನಿಂತವನನ್ನು ಗಿರಾಕಿ ಎಂದು ತಿಳಿಯುವುದು ಅಂಗಡಿಯವರ ಧರ್ಮ.

"ಎಂತ ಬೇಕಿತ್ತು ರೈಟರ್ರೇ?"

ಬಾಯಿಗೆ ಬಂದದ್ದು, "ಒಂದು ಟಾರ್ಚು."

ಮರುವಾರ ಹೋಗಿ ನಿಂತೆ. ಮತ್ತೆ ಟಾರ್ಚು. ಅದರ ಮುಂದಿನ ವಾರ, ಕೇಳಲು ಆಗದಿದ್ದರೆ ಕಡೇಪಕ್ಷ ಬೀಗವನ್ನಾದರೂ ಕೊಳ್ಳಬೇಕೆಂದು ದಾರಿಯಲ್ಲೇ ಗಟ್ಟಿಮಾಡಿಕೊಂಡು ಹೋದೆ. ಬಾಯಿ ಟಾರ್ಚನ್ನೇ ಹೇಳಿತು. ಆ ತಿಂಗಳು ಮಿಷನ್ ಕೆಲಸಕ್ಕೆ ಬಿಡಿಗಾಸೂ ಹುಟ್ಟಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಕತ್ತಲೆಯೆಂಬುದು ಇಲ್ಲವಾಯಿತು. ಹೆಂಡತಿ ಕೇಳಿದಳು: "ನೀವು ವಂತಿಗೆ ಎತ್ತಲಿಕ್ಕೆ ಹೋಗುವುದಾ, ಕೊಡಲಿಕ್ಕೆ ಹೋಗುವುದಾ?"

ಇನ್ನೊಮ್ಮೆ ಹೋಗಿ ನಿಂತಾಗ ಸಾವುಕಾರರು ಟಾರ್ಚು ತೆಗೆಯಲಿಲ್ಲ.

"ಕೂತುಕೊಳ್ಳಿ. ನಿಮ್ಮ ಮನೆಗೆ ಕಳ್ಳರ ಕಾಟ ಉಂಟಾ? ಕೇಳಲಿಕ್ಕೆ ಬಂದದ್ದನ್ನು ಕೇಳಿಬಿಡಿ ಮಾರಾಯ್ರೇ."

ಹೇಳಿದೆ. ಅವರು ಗಾಜಿನ ಪೆಟ್ಟಿಗೆಯನ್ನು ಒರೆಸುತ್ತ ಕೇಳಿಸಿಕೊಂಡರು.

"ಅವರು ಅಲ್ಲಿ ಇರುವುದು ಜನರನ್ನು ನಿಮ್ಮ ಮತಕ್ಕೆ ಸೇರಿಸಲಿಕ್ಕೆ ಅಲ್ವಾ?"

"ಹೌದು."

"ಇಷ್ಟರವರೆಗೆ ಎಷ್ಟು ಜನ ಸೇರಿದರು?"

ಸುಳ್ಳು ಹೇಳುವಷ್ಟು ಮಾತು ನನಗೆ ಬರುವುದಿಲ್ಲ. "ಯಾರೂ ಇಲ್ಲ."

"ಒಬ್ಬನೂ?"

"ಒಬ್ಬನೂ ಇಲ್ಲ."

ಅವರು ಒರೆಸುವುದನ್ನು ನಿಲ್ಲಿಸಿದರು. "ಮತ್ತೆ ಎಂತ ಮಾಡ್ತಾರೆ ಅಲ್ಲಿ?"

"ಅರ್ಜಿ ಬರೆದುಕೊಡ್ತಾನೆ. ಜ್ವರ ಬಂದವರಿಗೆ ಮಾತ್ರೆ ಕೊಡ್ತಾನೆ. ಸಂಜೆ ದೊಡ್ಡವರಿಗೆ ಅಕ್ಷರ ಕಲಿಸ್ತಾನೆ. ಭಾನುವಾರ ಗಂಟೆ ಹೊಡೆದು ಒಬ್ಬನೇ ಪ್ರಾರ್ಥನೆ ಮಾಡ್ತಾನೆ."

ಸಾವುಕಾರರು ಡ್ರಾಯರು ಎಳೆದರು.

"ಅಂಥವರಿಗೆ ಕೊಡಬಹುದು. ತಿಂಗಳು ತಿಂಗಳು ಬನ್ನಿ. ಯಾರಾದರೂ ಸೇರುವ ಹಾಗಿದ್ದರೆ ಮಾತ್ರ ನನಗೆ ಮೊದಲೇ ತಿಳಿಸಬೇಕು."

೨. ದೇವರ ಕಟ್ಟು

ಸಾವುಕಾರರು ಕೇಳಿದ ಪ್ರಶ್ನೆಯನ್ನೇ ಜಿಲ್ಲಾ ಸಭೆಯವರೂ ಕೇಳುತ್ತಿದ್ದರು. ಒಬ್ಬನೂ ಸೇರಲಿಲ್ಲವೆಂಬ ಕಾರಣಕ್ಕೆ ಒಂದು ಕಡೆ ಡ್ರಾಯರು ತೆರೆಯುತ್ತಿತ್ತು, ಅದೇ ಕಾರಣಕ್ಕೆ ಇನ್ನೊಂದು ಕಡೆ ಬಾಗಿಲು ಮುಚ್ಚುವ ಮಾತು. ಇದರಿಂದ ಪಾರಾಗುವ ದಾರಿ ನನಗೆ ಕಾಣಲಿಲ್ಲ. ಮನೆ ತುಂಬ ಟಾರ್ಚಿದ್ದೂ ಕಾಣಲಿಲ್ಲ.

ನಮ್ಮ ಸಭೆಗಳಲ್ಲಿ ಹಿಡಿ ಅಕ್ಕಿ ಎಂಬ ಹಳೆಯ ರೂಢಿ ಉಂಟು. ಅನ್ನಕ್ಕೆ ಅಕ್ಕಿ ಅಳೆಯುವಾಗ ಹೆಂಗಸರು ಅದರಿಂದ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಾರೆ. ಮಡಕೆ ತುಂಬಿದ ಮೇಲೆ ಮಾರಿ, ಬಂದದ್ದನ್ನು ಸುವಾರ್ತೆಯ ಕೆಲಸಕ್ಕೆ ಕೊಡುತ್ತಾರೆ. ಮಿಜಾರಿನಲ್ಲಿದ್ದ ನನ್ನ ದೊಡ್ಡಮ್ಮ ಆ ಕಡೆಯ ಮಡಕೆಗಳಿಗೆಲ್ಲ ಯಜಮಾನಿ. ಆದರೆ ಆ ಕಾಲಕ್ಕೆ ಮನೆಮನೆಯಲ್ಲೂ ರೇಷನ್ ಅಕ್ಕಿ. "ಇದನ್ನು ದೇವರಿಗೆ ಕೊಟ್ಟರೆ ಹುಳುವನ್ನೂ ಸೇರಿಸಿ ಕೊಟ್ಟ ಹಾಗಾಗ್ತದೆ" ಎಂದು ದೊಡ್ಡಮ್ಮ ರೂಢಿಯನ್ನೇ ಬದಲಿಸಿದರು. ಅಲ್ಲಿನ ಹೆಂಗಸರೆಲ್ಲ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವವರು. ದಿನಕ್ಕೆ ಒಂದು ಕಟ್ಟು ಬೀಡಿ ದೇವರದ್ದು ಎಂದು ದೊಡ್ಡಮ್ಮನ ಅಪ್ಪಣೆಯಾಯಿತು. ಬೀಡಿ ಕೊಳ್ಳುವ ಬ್ರಾಂಚಿನಿಂದ ದೇವರ ಕಟ್ಟುಗಳಿಗೆ ಬಂದದ್ದು ಉಪದೇಶಿಗೆ.

ಇದು ಮೂಡುಬಿದಿರೆಯ ಸಭೆಯ ಹಿರಿಯರೊಬ್ಬರಿಗೆ ಗೊತ್ತಿರಲಿಲ್ಲ. ಅಯ್ಯನವರು ಬಾರದ ಒಂದು ಭಾನುವಾರ ಅವರೇ ಪ್ರಸಂಗಕ್ಕೆ ನಿಂತು ತಂಬಾಕಿನ ವಿಷಯ ಎತ್ತಿಕೊಂಡರು. ಸೇದುವವನು ಪಾಪಿ, ಮಾರುವವನು ಅವನಿಗಿಂತ ಪಾಪಿ, ಕಟ್ಟಿಕೊಡುವವರಂತೂ ಪಾಪದ ಬೇರು. ಹೆಂಗಸರ ಕಡೆಯ ಬೆಂಚುಗಳಲ್ಲಿ ತಲೆಗಳೆಲ್ಲ ಬಗ್ಗಿದವು. ಆ ವಾರದಿಂದ ದೇವರ ಕಟ್ಟು ನಿಂತಿತು.

ನಾನು ಮಿಜಾರಿಗೆ ಹೋದೆ. ದೊಡ್ಡಮ್ಮ ಜಗಲಿಯಲ್ಲಿ ಕೂತು ಎಲೆ ಕತ್ತರಿಸುತ್ತಿದ್ದರು. ಪಕ್ಕದ ಮನೆಯ ಹೆಂಗಸು ಎದುರಿಗೆ ಕೂತು ಬೀಡಿ ಸುತ್ತುತ್ತಿದ್ದಳು.

"ಸೇದಬೇಡಿ ಅಂತ ಹೇಳಲಿ ಮಗಾ, ನಾನೂ ಆಮೆನ್ ಹೇಳ್ತೇನೆ. ಕಟ್ಟಬೇಡಿ ಅಂದರೆ ಮಕ್ಕಳ ಬಟ್ಟಲಿಗೆ ಎಂತ ಹಾಕುವುದು? ಅವರ ಪ್ರಸಂಗವನ್ನಾ?"

"ಅವರು ಹಾಗೆ ಹೇಳಬಾರದಿತ್ತು ದೊಡ್ಡಮ್ಮ."

"ನಿನ್ನ ಉಪದೇಶಿ ಅಲ್ಲಿ ಎಂತ ಹೇಳುವುದು? ಸೇದಿ ಅಂತಲಾ?"

"ಅಲ್ಲ. ಅವನೂ ಸೇದಬೇಡಿ ಅಂತಲೇ ಹೇಳುವುದು."

"ಅಂದರೆ ನಾವು ಬೀಡಿ ಕಟ್ಟಿ ದುಡಿದದ್ದನ್ನು ತಿಂದು ಅವನು ಬೀಡಿ ಬೇಡ ಅಂತ ಬೋಧಿಸುವುದು."

ಅಲ್ಪಸ್ವಲ್ಪ ಓದಿಕೊಂಡವನು ನಾನು. ಇದಕ್ಕೆ ಉತ್ತರ ಎಲ್ಲೂ ಓದಿದ ನೆನಪಾಗಲಿಲ್ಲ.

ಪಕ್ಕದ ಮನೆಯವಳಿಗೆ ದಿಗಿಲಾಯಿತು. "ಹೌದಲ್ಲ ದೊಡ್ಡಮ್ಮ, ಅಲ್ಲಿ ಎಲ್ಲರೂ ಅವರ ಮಾತು ಕೇಳಿ ಸೇದುವುದು ಬಿಟ್ಟರೆ ನಮ್ಮ ಗತಿ ಎಂತ?"

ದೊಡ್ಡಮ್ಮ ಆಗ ಕತ್ತರಿ ಕೆಳಗಿಟ್ಟರು.

"ಆ ಹೆದರಿಕೆ ನಿನಗೆ ಬೇಡ ಮಗಳೇ. ಇಷ್ಟು ವರ್ಷದಲ್ಲಿ ಅವನ ಮಾತನ್ನು ಯಾರು ಕೇಳಿದ್ದಾರೆ?"

ದೇವರ ಕಟ್ಟು ಮತ್ತೆ ಸುರುವಾಯಿತು.

೩. ಹರಕೆಯ ಹುಂಜ

ತೋಡಾರಿನ ಶೆಟ್ಟರು ನಮ್ಮ ಬಸ್ಸಿನಲ್ಲಿ ಓಡಾಡುತ್ತ ಪರಿಚಯವಾದವರು. ನನ್ನಿಂದ ಪುಸ್ತಕ ಒಯ್ದು, ಓದಿ, ತಪ್ಪದೆ ಹಿಂದಕ್ಕೆ ತರುವ ಮನುಷ್ಯ ಜಿಲ್ಲೆಯಲ್ಲಿ ಅವರೊಬ್ಬರೇ. ತಿಂಗಳ ವಂತಿಗೆಯನ್ನೂ ಹಾಗೆಯೇ ತಪ್ಪದೆ ಕೊಡುತ್ತಿದ್ದರು. ಒಂದು ವರ್ಷ ಅವರಾಗಿಯೇ ಹೇಳಿದರು, "ನಿಮ್ಮ ಬೆಳೆಹಬ್ಬಕ್ಕೆ ನನ್ನದೊಂದು ಹುಂಜ."

ಬೆಳೆಹಬ್ಬದ ದಿನ ಸಭೆಯವರು ತಮ್ಮ ಹಿತ್ತಿಲಿನದನ್ನು ತಂದೊಪ್ಪಿಸುವುದು, ಪ್ರಾರ್ಥನೆಯ ನಂತರ ಅಂಗಳದಲ್ಲಿ ಅದನ್ನೆಲ್ಲ ಏಲಂ ಹಾಕಿ ಬಂದದ್ದನ್ನು ಮಿಷನ್ ಕೆಲಸಕ್ಕೆ ಕೊಡುವುದು ನಮ್ಮ ಕ್ರಮ. ಎಲ್ಲ ಕುಂಬಳಕಾಯಿ, ಸೌತೆಕಾಯಿಗಳ ನಡುವೆ ಶೆಟ್ಟರ ಹುಂಜ ರಾಜನ ಹಾಗೆ ನಿಂತಿತ್ತು. ಏಲಂ ಏರಿತು. ತಂಬಾಕಿನ ಪ್ರಸಂಗ ಮಾಡಿದ ಅದೇ ಹಿರಿಯರು ಹಟ ಹಿಡಿದು ಕೂಗಿ ಅದನ್ನು ಗೆದ್ದರು. ಒಂದು ಹುಂಜದಿಂದ ಉಪದೇಶಿಯ ಆ ತಿಂಗಳು ಕಳೆಯಿತೆಂದು ನಾನು ಹಗುರಾಗಿ ಮಲಗಿದೆ.

ಮರುದಿನ ಮೊದಲ ಬಸ್ಸಿನಿಂದಲೇ ಶೆಟ್ಟರು ಬಂಟ್ವಾಳದಲ್ಲಿ ಇಳಿದರು.

"ರೈಟರ್ರೇ, ಹುಂಜ ಎಲ್ಲುಂಟು?"

"ಹಿರಿಯರ ಮನೆಯಲ್ಲಿ."

"ಜೀವದಲ್ಲಿ ಉಂಟಾ?"

ಆದದ್ದು ಇಷ್ಟು. ಅವರ ಹೆಂಡತಿ ಮನೆಯ ದೈವಕ್ಕೆ ಹರಕೆ ಹೇಳಿಕೊಂಡು ಒಂದು ಹುಂಜವನ್ನು ಬಿಟ್ಟಿದ್ದರು. ಬೆಳಗಿನ ಮಬ್ಬಿನಲ್ಲಿ ಶೆಟ್ಟರು ಹಿಡಿದು ತಂದದ್ದು ಅದನ್ನೇ. ಇಬ್ಬರೂ ಮೂಡುಬಿದಿರೆಗೆ ಓಡಿದೆವು. ಹಿರಿಯರು ಆರಾಮ ಕುರ್ಚಿಯಲ್ಲಿ ಕೂತು ಹಲ್ಲಿನ ಸಂದಿಯನ್ನು ಕಡ್ಡಿಯಿಂದ ಕೆದಕುತ್ತಿದ್ದರು. ಕೇಳುವ ಅಗತ್ಯ ಉಳಿಯಲಿಲ್ಲ.

ಸಂಗತಿ ತಿಳಿದು ಹಿರಿಯರು ನಕ್ಕರು. "ಎಂಥ ದೈವ, ಎಂಥ ಹರಕೆ ಶೆಟ್ರೇ? ನಮಗೆ ಆ ಹೆದರಿಕೆಯೇ ಇಲ್ಲ. ನಮಗಿರುವುದು ಒಬ್ಬನೇ ದೇವರು."

"ನಿಮಗೆ ಒಬ್ಬನೇ ಇರಬಹುದು ಹಿರಿಯರೇ. ನನಗೆ ದೈವ ಉಂಟು, ಅದಲ್ಲದೆ ಮನೆಯಲ್ಲಿ ಹೆಂಡತಿಯೂ ಉಂಟು."

ಬದಲು ಹುಂಜ ಕೊಡುವುದು ನ್ಯಾಯವೆಂದು ನಾನು ಮೆಲ್ಲನೆ ಹೇಳಿದೆ. ಮಿಷನ್ ಹಣದಲ್ಲಿ ಭೂತಕ್ಕೆ ಕೋಳಿ ಕೊಳ್ಳುವುದೇ ಎಂದು ಹಿರಿಯರು ಎದ್ದು ನಿಂತರು. ಮುಂದಿನ ಭೇಟಿಯಲ್ಲಿ ಉಪದೇಶಿಯನ್ನು ಕೇಳಿದೆ. "ನನ್ನದರಲ್ಲೇ ಮುರಿದು ಕೊಟ್ಟುಬಿಡು ಮಾರಾಯ. ದೈವ ಕಾಯುವುದಿಲ್ಲ. ನಮ್ಮ ದೇವರಿಗೆ ಕಾದು ಅಭ್ಯಾಸ ಉಂಟು" ಎಂದ.

ನಾನು ಕೊಳ್ಳುವ ಮೊದಲೇ ಹಿರಿಯರ ಹೆಂಡತಿ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದರು. ಸೆರಗಿನಡಿ ಏನೋ ಕೊಸರಾಡುತ್ತಿತ್ತು. ತೆಗೆದರೆ ಒಂದು ಕೆಂಪು ಹುಂಜ.

"ಇದನ್ನು ಆ ಶೆಟ್ರಿಗೆ ಮುಟ್ಟಿಸಿಬಿಡಿ. ಏಲಂ ಆದ ಮರುದಿನದಿಂದ ಇವರು ತಂಬಿಗೆ ಕೆಳಗಿಟ್ಟಿಲ್ಲ."

"ಹಿರಿಯರಿಗೆ ಗೊತ್ತುಂಟಾ?"

"ಅವರೇ ಕೊಟ್ಟು ಕಳಿಸಿದ್ದು. ನಂಬಿಕೆಯಿಂದ ಕೊಡುವುದಲ್ಲ, ಹೊಟ್ಟೆನೋವಿನಿಂದ ಕೊಡುವುದು ಅಂತ ಸ್ಪಷ್ಟ ಹೇಳಲಿಕ್ಕೆ ಹೇಳಿದ್ದಾರೆ."

೪. ಯೋಚಿಸಿ ಬಾ

ಎತ್ತಿದ್ದನ್ನು ಒಯ್ದು ಕೊಡಲು ನಾನೇ ಘಟ್ಟದ ಬುಡಕ್ಕೆ ಹೋಗುತ್ತಿದ್ದೆ. ಭಾನುವಾರ ತಲುಪಿದರೆ ದೂರದಿಂದಲೇ ಗಂಟೆ ಕೇಳುತ್ತಿತ್ತು. ಒಳಗೆ ಅವನು ಖಾಲಿ ಬೆಂಚುಗಳಿಗೆ ಮುಖ ಮಾಡಿ ನಿಂತಿರುತ್ತಿದ್ದ. ಕೀರ್ತನೆಯ ಮೊದಲ ಸಾಲನ್ನು ಹಾಡಿ, ಸಭೆ ಎರಡನೆಯ ಸಾಲನ್ನು ಎತ್ತಿಕೊಳ್ಳುವಷ್ಟು ಹೊತ್ತು ಬಿಟ್ಟು, ಆಮೇಲೆ ತಾನೇ ಮುಂದುವರಿಸುತ್ತಿದ್ದ. ನಾನು ಒಳಗೆ ಹೋದರೆ ಆ ಬಿಡುವಿನಲ್ಲಿ ನನ್ನ ದನಿ ಸೇರುತ್ತಿತ್ತು. ನನಗೆ ಹಾಡಲು ಬರುವುದಿಲ್ಲ.

ಒಮ್ಮೆ ಕೇಳಿದೆ, "ಇಷ್ಟು ವರ್ಷದಲ್ಲಿ ಸೇರ್ತೇನೆ ಅಂತ ಒಬ್ಬನೂ ಬರಲಿಲ್ಲವಾ?"

"ಬಂದಿದ್ದ, ಒಬ್ಬ. ಬೇಲಿಯ ಆಚೆ ಮನೆಯವನು. ಅವಸರದಲ್ಲಿ ಸೇರಬಾರದು, ಒಂದು ವರ್ಷ ಯೋಚಿಸಿ ಬಾ ಅಂದೆ."

"ಮತ್ತೆ ಬರಲಿಲ್ಲ?"

"ಸರಿಯಾಗಿ ಒಂದು ವರ್ಷಕ್ಕೆ ಬಂದ. ಯೋಚಿಸಿದೆಯಾ ಅಂದೆ. ಯೋಚಿಸಿದೆ, ನಿಮ್ಮ ಮನೆಯನ್ನೇ ದಿನಾ ನೋಡ್ತಾ ಯೋಚಿಸಿದೆ ಅಂದ. ಹಾಗಾದರೆ ಎಂತ ಮಾಡುವ ಅಂದೆ. ನಿಮಗೇ ಹೀಗಾದರೆ ನನಗೆ ಬೇಡ ಅಂದ."

ನಾವಿಬ್ಬರೂ ಸಮಾಧಿಯ ಹತ್ತಿರ ಕೂತಿದ್ದೆವು. ಅವನು ಅಲ್ಲಿ ಅಬ್ಬಲಿಗೆ ನೆಟ್ಟಿದ್ದ. ಅವಳು ಇದ್ದಾಗ ಭಾನುವಾರ ಮುಡಿಯುತ್ತಿದ್ದ ಹೂವು. ಆದರೆ ಗಿಡಗಳಲ್ಲಿ ಹೂವಿರಲಿಲ್ಲ, ಕಡ್ಡಿ ಮಾತ್ರ. ನಾನು ನೋಡುತ್ತಿದ್ದಂತೆ ಬೇಲಿಯ ಸಂದಿಯಿಂದ ಒಂದು ಕಂದು ಹಸು ಮೂತಿ ತೂರಿಸಿತು. ಅವನು ಎದ್ದು, "ಹೋಗಮ್ಮ" ಎಂದು ಹೇಳಿ ಓಡಿಸಿ ಬಂದು ಕೂತ. ಬೇಲಿಗೆ ಮುಳ್ಳು ಕಟ್ಟಿದರೂ ಬರುತ್ತದಂತೆ. ಅವನು ಊಟಕ್ಕೆ ಹೋದರೆ ಬರುತ್ತದೆ, ಜ್ವರ ಬಂದು ಮಲಗಿದರೆ ಬರುತ್ತದೆ.

"ಯಾರ ಹಸು?"

"ಅವನದ್ದೇ, ಯೋಚಿಸಿದವನದ್ದು" ಎಂದ. ಅಬ್ಬಲಿಗೆಯ ಬುಡದ ಮಣ್ಣು ಒತ್ತುತ್ತ ಹೇಳಿದ, "ಇಲ್ಲಿಗೆ ತಪ್ಪದೆ ಬರುವುದು ಅದೊಂದೇ ಮಾರಾಯ."

೫. ಒಣಮೀನಿನ ಲಾರಿ

ಕಡೆಗೆ ಜಿಲ್ಲಾ ಸಭೆಯವರು, ಹಣ ಬಂದರೆ ಸಾಲದು, ಜನ ಎಲ್ಲಿ ಎಂದು ಕೇಳಿದರು. ಹೊಸದಾಗಿ ಬಂದ ಅಯ್ಯನವರೊಬ್ಬರು ಒಂದು ಭಾನುವಾರ ಖುದ್ದಾಗಿ ಹೋಗಿ ನೋಡಿ ಬರುವುದು, ಅವರು ಹೇಳಿದಂತೆ ಇಡುವುದು ಅಥವಾ ಮುಚ್ಚುವುದು ಎಂದು ತೀರ್ಮಾನವಾಯಿತು. ಘಟ್ಟದ ಮೇಲಿನವರು, ತುಂಬ ಸಾಧು ಮನುಷ್ಯ. ಅವರಿಗೆ ತುಳು ಬರುತ್ತಿರಲಿಲ್ಲ, ಇಲ್ಲಿನ ಯಾರ ಗುರುತೂ ಇರಲಿಲ್ಲ.

ನಾನು ಸಾವುಕಾರರ ಬೆಂಚಿನಲ್ಲಿ ಕೂತು ಪೇಪರನ್ನು ತಲೆಕೆಳಗಾಗಿ ಹಿಡಿದಿದ್ದೆನಂತೆ.

"ಎಂತಾಯ್ತು?"

"ಮುಚ್ಚುತ್ತಾರೆ. ಜನ ಇಲ್ಲ ಅಂತ."

"ಜನ ಬೇಕಾ? ಅಷ್ಟೇಯಾ?" ಎಂದರು ಸಾವುಕಾರರು.

ಅವರ ಭಾವನದೊಂದು ಲಾರಿ ಇತ್ತು. ಮಂಗಳೂರಿನಿಂದ ಒಣಮೀನು ಸಾಗಿಸುವ ಲಾರಿ. ಆ ಭಾನುವಾರ ಅದು ಬಂಟ್ವಾಳದಿಂದ ಮೂಡುಬಿದಿರೆಯ ಕಡೆ ಹೋಗಿ ದೊಡ್ಡಮ್ಮನನ್ನೂ ಬೀಡಿ ಕಟ್ಟುವ ಹೆಂಗಸರನ್ನೂ ತೋಡಾರಿನ ಶೆಟ್ಟರನ್ನೂ ಅವರ ನೆಂಟರನ್ನೂ ತುಂಬಿಸಿಕೊಂಡು, ಬೆಳ್ತಂಗಡಿ ದಾಟಿ, ಘಟ್ಟದ ಬುಡದ ಕಾಲುದಾರಿಯ ತನಕ ಬಂತು. "ಸುಳ್ಳು ಹೇಳಿ ಯಾರನ್ನೂ ಮೋಸ ಮಾಡುವುದಿಲ್ಲ" ಎಂದು ಸಾವುಕಾರರು ನನಗೆ ಮೊದಲೇ ಹೇಳಿದ್ದರು. "ನಾವು ಹಣ ಕೊಡುವವರು. ಕೊಟ್ಟದ್ದು ಎಲ್ಲಿಗೆ ಹೋಗ್ತದೆ ಅಂತ ನೋಡಲಿಕ್ಕೆ ಬಂದದ್ದು. ಕೂತುಕೊಳ್ಳುವುದು ತಪ್ಪಾ?" ಸಂಜೆ ಅಕ್ಷರ ಕಲಿಯುವವರೂ ಬೇಲಿಯ ಆಚೆಯವನೂ ಸುದ್ದಿ ತಿಳಿದು ಆಗಲೇ ಅಂಗಳದಲ್ಲಿದ್ದರು.

ಉಪದೇಶಿ ಗಂಟೆಯ ಹಗ್ಗ ಹಿಡಿದುಕೊಂಡೇ ನಿಂತ. "ಇದೆಲ್ಲ ಎಂತ ಮಾರಾಯ?"

"ನನಗೆ ಗೊತ್ತಿಲ್ಲ" ಎಂದೆ. ಅರ್ಧ ನಿಜ.

ಸಾವುಕಾರರು ಬಾಗಿಲಲ್ಲೇ ಉಳಿದರು. "ನಾನು ಒಳಗೆ ಬರುವುದಿಲ್ಲ. ಚಪ್ಪಲಿ ನೋಡಿಕೊಳ್ತೇನೆ."

ಅಯ್ಯನವರು ಜೀಪಿನಿಂದಿಳಿದು ನಡೆದು ಬಂದರು. ಜೊತೆಗೆ ಮೂಡುಬಿದಿರೆಯ ಆ ಹಿರಿಯರು! ದೊಡ್ಡಮ್ಮನಿಂದ ಹಿಡಿದು ಎಲ್ಲರ ಗುರುತೂ ಅವರಿಗುಂಟು. ಹಿರಿಯರು ಬೆಂಚುಗಳನ್ನು ನೋಡಿದರು, ಕಣ್ಣು ಅಗಲ ಮಾಡಿದರು, ಬಾಯಿ ತೆರೆದರು. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಶೆಟ್ಟರು ಎದ್ದು ಕೈ ಮುಗಿದರು.

"ನಮಸ್ಕಾರ ಹಿರಿಯರೇ. ಹೊಟ್ಟೆ ಈಗ ಹೇಗುಂಟು?"

ಹಿರಿಯರ ಬಾಯಿ ಮುಚ್ಚಿತು. ಅದು ಮತ್ತೆ ತೆರೆದದ್ದು ಜೀಪಿಳಿದು ಮನೆ ಮುಟ್ಟಿದ ಮೇಲೆಯೇ ಇರಬೇಕು.

ಬಾಗಿಲಲ್ಲಿ ಟೊಪ್ಪಿ ಹಾಕಿ ನಿಂತ ಸಾವುಕಾರರನ್ನು ಅಯ್ಯನವರು ಅಚ್ಚರಿಯಿಂದ ನೋಡಿದರು. "ಇವರು?"

"ಚಪ್ಪಲಿ ನೋಡಿಕೊಳ್ಳುವವರು" ಎಂದೆ ನಾನು. ಆ ದಿನ ನಾನಾಡಿದ್ದು ಹೆಚ್ಚುಕಡಿಮೆ ಅಷ್ಟೇ.

"ಅದೂ ಒಂದು ಸೇವೆ" ಎಂದು ಅಯ್ಯನವರು ತಲೆದೂಗಿದರು.

ಪ್ರಾರ್ಥನೆ ಸುರುವಾಗಬೇಕು. ವರ್ಷಗಟ್ಟಲೆ ಖಾಲಿ ಬೆಂಚುಗಳಿಗೆ ಬೋಧಿಸಿದವನಿಗೆ ತುಂಬಿದ ಬೆಂಚುಗಳ ಮುಂದೆ ದನಿ ಹೊರಡಲಿಲ್ಲ. ಕಡೆಗೆ ಹೇಗೋ ಕೀರ್ತನೆಯ ಮೊದಲ ಸಾಲು ಹಾಡಿ, ಎಂದಿನಂತೆ ಬಿಡುವು ಕೊಟ್ಟ. ದೊಡ್ಡಮ್ಮ ಎರಡನೆಯ ಸಾಲನ್ನು ಎತ್ತಿದರು, ಹೆಂಗಸರೆಲ್ಲ ಸೇರಿದರು. ಸಂಜೆ ಶಾಲೆಯವರಿಗೂ ಅದು ಬರುತ್ತಿತ್ತು. ಅಷ್ಟು ವರ್ಷ ಬೇಲಿಯ ಆಚೆಯಿಂದ ಕೇಳಿ ಬಾಯಿಪಾಠವಾಗಿತ್ತು. ಉಪದೇಶಿ ಕಿಟಕಿಯ ಕಡೆ, ಸಮಾಧಿಯ ಕಡೆ ನೋಡುತ್ತ ನಿಂತ. ಅವನು ಮುಂದೆ ಹಾಡಲೇ ಇಲ್ಲ. ಹಾಡುವ ಅಗತ್ಯವೂ ಇರಲಿಲ್ಲ.

ಅಯ್ಯನವರು ಎದ್ದು ನಿಂತು ಗಾಳಿಯನ್ನು ಒಮ್ಮೆ ಮೂಸಿದರು. ಸಭೆಯೆಲ್ಲ ಒಣಮೀನಿನ ವಾಸನೆ. ಅವರ ಕಣ್ಣು ತುಂಬಿಬಂತು. "ನಮ್ಮ ಕರ್ತನ ಮೊದಲ ಶಿಷ್ಯರೂ ನಿಮ್ಮ ಹಾಗೆ ಮೀನು ಹಿಡಿಯುವವರೇ ಆಗಿದ್ದರು" ಎಂದರು.

ಶೆಟ್ಟರು ನನ್ನ ಕಿವಿಗೆ ಬಾಗಿದರು. "ಮೀನು ಹಿಡಿಯುವವ ಅಂದದ್ದಕ್ಕೆ ಅಡ್ಡಿಯಿಲ್ಲ. ಶಿಷ್ಯ ಅಂದರಲ್ಲ, ಮನೆಯಲ್ಲಿ ಎಂತ ಹೇಳುವುದು?"

ಕಾಣಿಕೆಯ ತಟ್ಟೆ ಬಂದಾಗ ಅದೇ ಶೆಟ್ಟರು ಗಟ್ಟಿಯಾಗಿ ಹೇಳಿದರು, "ನನ್ನ ಈ ತಿಂಗಳದ್ದು ರೈಟರ್ರ ಕೈಯಲ್ಲಿ ಕೊಟ್ಟಾಗಿದೆ." ಹಿಂದಿನ ಬೆಂಚಿನಿಂದ, ಬಾಗಿಲಿನಿಂದ, ಹೆಂಗಸರ ಕಡೆಯಿಂದ "ನನ್ನದೂ, ನಮ್ಮದೂ" ಎಂದು ದನಿಗಳೆದ್ದವು. ನಾನು ಕಣ್ಣು ಮುಚ್ಚಿದೆ, ಗುಟ್ಟು ಬಯಲಾಯಿತೆಂದುಕೊಂಡೆ. ಅಯ್ಯನವರು ಉಪದೇಶಿಯ ಕೈ ಹಿಡಿದುಕೊಂಡರು. "ತಿಂಗಳು ತಿಂಗಳು ಕೊಡುವ ಸಭೆಯನ್ನು ನಾನು ಪಟ್ಟಣದಲ್ಲೂ ನೋಡಿಲ್ಲ."

ಉಪದೇಶಿ ಸುಳ್ಳಿಗೆ ಆಗುವವನಲ್ಲ. ಎಲ್ಲರೆದುರು ಹೇಳಿದ: "ಅಯ್ಯನವರೇ, ಇವರಲ್ಲಿ ಯಾರೂ ಇಲ್ಲಿನ ಸಭೆಗೆ ಸೇರಿದವರಲ್ಲ. ನಾನು ಒಬ್ಬನನ್ನೂ ಸೇರಿಸಿಲ್ಲ."

ಅಯ್ಯನವರು ಅವನ ಬೆನ್ನು ತಟ್ಟಿದರು. "ಗೊತ್ತು, ಗೊತ್ತು. ನಾನು ಮಾಡಿದೆ ಎಂದು ಹೇಳಿಕೊಳ್ಳದವನೇ ನಿಜವಾದ ಸೇವಕ."

ಜೀಪು ಹೋದ ಮೇಲೆ ಸಾವುಕಾರರು ಲಾರಿಯಿಂದ ಬನ್ಸಿನ ಬುಟ್ಟಿ ಇಳಿಸಿದರು. ಅಂಗಳದಲ್ಲಿ ಚಾ ಕಾಯಿಸಿದೆವು. ಆ ಅಂಗಳದಲ್ಲಿ ಅಷ್ಟು ಮಂದಿ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಹಸು ಬಂದು ಬೇಲಿಯಲ್ಲಿ ಮೂತಿಯಿಟ್ಟು ನಿಂತಿತ್ತು. ದೊಡ್ಡಮ್ಮ ಅದಕ್ಕೂ ಒಂದು ಬನ್ಸು ಕೊಟ್ಟರು.

ಮಳೆಗಾಲಕ್ಕೆ ಮೊದಲು ತೀರ್ಪು ಬಂತು. ಅಯ್ಯನವರು ಮನಃಪೂರ್ವಕ ಬರೆದಿದ್ದರು. ಇಷ್ಟು ಬೆಳೆದ ಸಭೆ ಇನ್ನು ತನ್ನ ಕಾಲ ಮೇಲೆ ನಿಲ್ಲಬಲ್ಲದು, ಇಲ್ಲಿ ಉಪದೇಶಿಯ ಕೆಲಸ ಮುಗಿಯಿತು. ಇಂಥ ಸೇವಕನ ಅಗತ್ಯ ಇನ್ನೂ ಯಾರೂ ಸುವಾರ್ತೆ ಕೇಳದ ಕಡೆ ಹೆಚ್ಚಾಗಿರುವುದರಿಂದ ಅವನನ್ನು ಬಯಲುಸೀಮೆಗೆ ಕಳಿಸುವುದು. ಅದೊಂದು ಗೌರವ. ಅವನ ವಯಸ್ಸಿನ ಯಾವ ಉಪದೇಶಿಗೂ ಆವರೆಗೆ ಸಿಗದ ಗೌರವ.

ನಾನು ನಡೆದದ್ದನ್ನೆಲ್ಲ ಬಿಡಿಸಿ ಅಯ್ಯನವರಿಗೆ ಬರೆದೆ. ಜೀವಮಾನದಲ್ಲಿ ನಾನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೊಂದೇ ಸಲ. ತಿರುಗಿ ಒಂದು ಕಾರ್ಡು ಬಂತು: ಸ್ನೇಹಿತ ದೂರವಾಗುವ ದುಃಖದಲ್ಲಿ ಮನುಷ್ಯ ಏನೇನೋ ಬರೆಯುತ್ತಾನೆ, ನಿಮಗಾಗಿ ಪ್ರಾರ್ಥಿಸುತ್ತೇನೆ.

ಅವನು ಹೊರಟ ದಿನ ಬೆಳ್ತಂಗಡಿಯ ಬಸ್ ಸ್ಟ್ಯಾಂಡಿಗೆ ಎಲ್ಲರೂ ಬಂದಿದ್ದರು. ದೊಡ್ಡಮ್ಮ ಒಂದು ಮಡಕೆ ಉಪ್ಪಿನಕಾಯಿ ಕೊಟ್ಟರು. ಶೆಟ್ಟರು ದಾರಿಗೆಂದು ಒಂದು ಪುಸ್ತಕ ಕೊಟ್ಟರು. ನೋಡಿದರೆ ಅದು ನನ್ನದು. ಸಾವುಕಾರರು ಒಂದು ಟಾರ್ಚು ಕೊಟ್ಟರು, ಕೊಟ್ಟು ತಲೆ ಕೆಳಗೆ ಹಾಕಿ ನಿಂತರು.

"ನನ್ನದೇ ತಪ್ಪು ಉಪದೇಶಿಗಳೇ" ಎಂದರು. "ಅರ್ಧ ಲಾರಿ ಸಾಕಿತ್ತು."

ಅವನು ನಕ್ಕ. ಹೆಂಡತಿ ಸತ್ತ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಗುತ್ತ ಬಸ್ಸು ಹತ್ತಿದ, ನಗುತ್ತ ಕಣ್ಣು ಒರೆಸಿಕೊಂಡ. ಬಸ್ಸು ಅಲುಗಿದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಕರೆದ.

"ಆ ಹಸು..." ಎಂದ. ಬಸ್ಸು ತಿರುಗಿತು.

೬. ಮತ್ತೆ ಡ್ರಾಯರು

ಮುಂದಿನ ತಿಂಗಳು ವಂತಿಗೆಯ ದಿನ ಬಂತು. ಕೇಳಲು ಏನೂ ಇರಲಿಲ್ಲ. ಆದರೂ ಕಾಲು ಅಭ್ಯಾಸದಿಂದ ಸಾವುಕಾರರ ಅಂಗಡಿಗೆ ಒಯ್ದಿತು. ಬೆಂಚಿನಲ್ಲಿ ಕೂರಲು ಆಗಲಿಲ್ಲ, ನಿಂತೆ.

"ಎಂತ ಬೇಕಿತ್ತು ರೈಟರ್ರೇ?"

"ಒಂದು ಟಾರ್ಚು" ಎಂದೆ.

ಅವರು ಟಾರ್ಚು ತೆಗೆಯಲಿಲ್ಲ. ಗಾಜಿನ ಪೆಟ್ಟಿಗೆಯನ್ನು ಬಹಳ ಹೊತ್ತು ಒರೆಸಿದರು.

"ಅಲ್ಲಿ ಈಗ ಹಸುವನ್ನು ಓಡಿಸುವುದು ಯಾರು?"

"ಯಾರೂ ಇಲ್ಲ."

"ಅದರ ಯಜಮಾನನಿಗೇ ತಿಂಗಳಿಗೆ ಏನಾದರೂ ಕೊಡುವ. ತನ್ನ ಹಸುವನ್ನು ತಾನೇ ಓಡಿಸಲಿ" ಎಂದು ಡ್ರಾಯರು ಎಳೆದರು. "ಶೆಟ್ರ ಹತ್ತಿರವೂ ದೊಡ್ಡಮ್ಮನ ಹತ್ತಿರವೂ ಕೇಳಿ, ಇಲ್ಲ ಅನ್ನಲಿಕ್ಕಿಲ್ಲ. ಅವನು ಯಾರನ್ನೂ ಮತಕ್ಕೆ ಸೇರಿಸುವವನಲ್ಲವಷ್ಟೆ?"

"ಅಲ್ಲ. ಹಸು ಓಡಿಸುವುದು ಮಾತ್ರ."

ಕೊಟ್ಟದ್ದನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದೆ. ಹಿಂದಿನಿಂದ ಕರೆದರು.

"ರೈಟರ್ರೇ, ಒಂದು ಮಾತು. ಆ ಅಯ್ಯನವರು ಇನ್ನೊಮ್ಮೆ ನೋಡಲಿಕ್ಕೆ ಬರುವ ದಿನ ಹಸುವನ್ನು ಎಲ್ಲಾದರೂ ದೂರ ಕಟ್ಟಿಹಾಕಲಿಕ್ಕೆ ಹೇಳಿ. ಅಲ್ಲಿ ನಿಂತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿದು ಅದರ ಯಜಮಾನನನ್ನೂ ಬಯಲುಸೀಮೆಗೆ ಕಳಿಸಿಬಿಟ್ಟಾರು."